ಪಾಲಿಶ್ ಕೈಗೆ ಬಂದ ಅಪವಾದ

ದೀಪ ಹಾಕುವ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆರೆದರೆ ಅತ್ತೆ!

“ಚಪ್ಪಲಿ ಮೆಟ್ಕೋ. ಹೊರಡು.”

“ಗುಬ್ಬಿಗೆ ಏನಾಯ್ತು ಅತ್ತೆ?”

“ಉಸಿರಾಡ್ತಿದ್ದಾಳೆ. ಬಾಯಿ ಮುಚ್ಕೊಂಡು ಬಾ.”

‘ಮಗುವನ್ನು ಮುಟ್ಟಬೇಡ’ ಎಂದು ಸೊಸೆಯನ್ನು ಅವಳ ಅಣ್ಣನ ಮನೆಗೆ ಅಟ್ಟಿದ್ದೂ ಅತ್ತೆಯ ಇದೇ ಬಾಯಿ. ಮೂರು ವರ್ಷದ ಮಗಳು ಗುಬ್ಬಿಯ ಹೊಟ್ಟೆಯಲ್ಲಿ ನರಕೋಶಗಳ ಕ್ಯಾನ್ಸರ್ ಗಡ್ಡೆ ಸಿಕ್ಕಿದ ದಿನವೇ ಮನೆಯಲ್ಲಿ ವಿಚಾರಣೆ ಮುಗಿದಿತ್ತು. ಬಡಗಿಯಾದ ಗಂಡ ಮನೆಗೆ ತಂದ ಕುರ್ಚಿಗಳಿಗೆ ಆಕೆ ಬಸುರಿಯಾಗಿದ್ದಾಗಲೂ ಪಾಲಿಶ್ ಹಚ್ಚಿದ್ದಳು, ಹೆತ್ತ ಮೇಲೂ ಬಿಟ್ಟಿರಲಿಲ್ಲ. ಆ ವಾಸನೆಯೇ ಮಗುವಿನ ಒಡಲು ಸೇರಿತೆಂಬುದು ತೀರ್ಪು. ಆಕೆಯೂ ನಂಬಿದಳು. ಉಗುರಿನ ಸಂದಿಯ ಕಂದು ಬಣ್ಣ ಹೋಗಲೆಂದು ಸೀಮೆಎಣ್ಣೆಯಲ್ಲಿ ಕೈ ತಿಕ್ಕಿ ಚರ್ಮ ಸುಲಿದುಕೊಂಡಳು... ಬಣ್ಣ ಹೋಯಿತು, ಅಪವಾದ ಹೋಗಲಿಲ್ಲ!

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕುರ್ಚಿ ತೋರಿಸಿದರು.

“ಬೆಳಿಗ್ಗೆ ನಿಮ್ಮತ್ತೆ ನನ್ನ ಹತ್ರ ಜಗಳಕ್ಕೇ ಬಂದಿದ್ರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಈ ಕಾಯಿಲೆ ಯಾಕೆ ಬರುತ್ತೆ ಅಂತ ಹೆಚ್ಚಿನ ಮಕ್ಕಳಲ್ಲಿ ಗೊತ್ತೇ ಆಗಲ್ಲ. ತಾಯಿ ಮಾಡಿದ ಕೆಲಸದಿಂದಲೋ, ತಿಂದದ್ದರಿಂದಲೋ ಬಂತು ಅಂತ ಯಾವುದೂ ಸಾಬೀತಾಗಿಲ್ಲ. ಎಲ್ಲೋ ಕೆಲವು ಮನೆತನಗಳಲ್ಲಿ ವಂಶದಿಂದ ಬರುತ್ತೆ. ಪರೀಕ್ಷೆಯಲ್ಲಿ ನಿಮ್ಮ ಮಗುಗೆ ಅದೂ ಕಂಡಿಲ್ಲ.”

“ನಾನು ಆಗ ಕೆಲಸ ಬಿಟ್ಟಿದ್ದಿದ್ರೆ...?”

“ತಪ್ತಿತ್ತು ಅಂತ ಯಾರೂ ಹೇಳೋ ಹಾಗಿಲ್ಲ. ಇದನ್ನು ತಡೆಯೋ ದಾರಿ ಇನ್ನೂ ಗೊತ್ತಿಲ್ಲಮ್ಮ. ಚಿಕಿತ್ಸೆ ಇದೆ. ಅದಕ್ಕೆ ನೀವು ಬೇಕು. ಮಗು ಯಾರ ಕೈಯಿಂದಲೂ ಔಷಧಿ ನುಂಗ್ತಿಲ್ಲ.”

“ಮುದ್ದು ಮಾಡಿದೆ, ಗದರಿಸಿದೆ, ಉಹುಂ!” ಅತ್ತೆ ಗೊಣಗಿದರು. “ನಿನ್ನ ಮಗಳಲ್ವಾ, ಹಿಡಿದ ಹಟ ಬಿಡಲ್ಲ.” ಕಣ್ಣು ಮಾತ್ರ ಒದ್ದೆಯಾಗಿತ್ತು.

ವಾರ್ಡಿನಲ್ಲಿ ಗುಬ್ಬಿ ಅಪ್ಪನ ತೊಡೆಯಿಂದ ತಾಯಿಯ ಕೊರಳಿಗೆ ವಾಲಿದಳು. ಅಂಗೈ ಮೂಸಿ ಮುಖ ಸಿಂಡರಿಸಿದಳು.

“ಅಮ್ಮಾ, ನಿನ್ನ ವಾಸನೆ ಎಲ್ಲೋಯ್ತು?”

ತಾಯಿ ಬಿಕ್ಕಿದಳು... ಬಿಕ್ಕುತ್ತಲೇ ಚಮಚ ಎತ್ತಿದಳು. ಮಗು ಔಷಧಿ ನುಂಗಿತು.

“ತಪ್ಪಾಯ್ತು ಕಣೇ,” ಎಂದರು ಅತ್ತೆ. “ಇನ್ಮೇಲೆ ಇವಳನ್ನ ಬಿಟ್ಟು ನೀನು ಎಲ್ಲಿಗೂ ಹೋಗ್ಬೇಡ.”

“ಹೋಗಲ್ಲ. ಆದ್ರೆ ಒಂದು ಹೇಳಿ. ಪಾಲಿಶ್ ಹಚ್ಚಿದ್ದಕ್ಕೇ ಹೀಗಾಯ್ತು ಅಂತ ನಿಮ್ಮ ಕಿವಿ ಕಚ್ಚಿದ್ದು ಯಾರು?”

ಮೂಲೆಗೆ ಸರಿದು ಕೂತಿದ್ದ ಗಂಡ ಸದ್ದಿಲ್ಲದೆ ಎದ್ದು ಬಾಗಿಲ ಕಡೆ ತಿರುಗಿದ.

“ಕೂತ್ಕೋ,” ಎಂದು ಅವನನ್ನು ತಡೆದ ಅತ್ತೆ ಸೊಸೆಯ ಮುಖ ನೋಡಿದರು.

“ಮನೆಗೆ ಕೆಲಸ ತಂದವನು ತಾನು, ತಪ್ಪು ತನ್ನ ತಲೆಗೇ ಬರುತ್ತೆ ಅಂತ ಹೆದರಿದವನು... ನನ್ನ ಮಗ.”