ಬಾವಿಯ ಪ್ರೇತಕ್ಕೆ ಯಾರ ದನಿ?

“ನನ್ನ ಬಾಯಿಗೆ ಇನ್ಯಾರದೋ ದನಿ ತುರುಕೋಕೆ ನೀನ್ಯಾರು?”

ಬಾಗಿಲು ಧಡಾರನೆ ತೆರೆದುಕೊಂಡಿತು. ರೋಮಿನ ಆ ಕತ್ತಲ ಕೋಣೆಯಲ್ಲಿ ಕೂತು ಚಿತ್ರಕ್ಕೆ ದನಿ ಜೋಡಿಸುತ್ತಿದ್ದ ಲಿವಿಯೊ ಬೆಚ್ಚಿ ತಿರುಗಿದ. ಪರದೆಯ ಮೇಲೆ ಬಾವಿಯಿಂದೇಳುವ ಪ್ರೇತ... ಅದೇ ಮುಖ ಈಗ ಸಿಟ್ಟಿನಿಂದ ಕೆಂಪೇರಿ ಅವನೆದುರು ನಿಂತಿತ್ತು!

ಅವಳು ಫುಲ್ವಿಯಾ. ದೂರದ ಕಡಲೂರು ತ್ರಿಯೆಸ್ತೆಯ ಹುಡುಗಿ. ಅದು ಅವಳ ಮೊದಲ ಚಿತ್ರ.

ಆಗೆಲ್ಲ ನಮ್ಮ ಇಟಲಿಯ ಚಿತ್ರಗಳಲ್ಲಿ ಹಾಗೇ ಇತ್ತು. ಚಿತ್ರೀಕರಣದಲ್ಲಿ ಹಿಡಿದ ದನಿ ಬರೀ ಗುರುತಿಗೆ. ಆಮೇಲೆ ಅದನ್ನು ಎಸೆದು, ರೋಮಿನವರಿಂದ ಹೊಸದಾಗಿ ಹೇಳಿಸುತ್ತಿದ್ದರು. ಯಾರೂ ತಕರಾರು ಮಾಡುತ್ತಿರಲಿಲ್ಲ. ಫುಲ್ವಿಯಾ ಮಾಡಿದಳು.

“ನಿರ್ಮಾಪಕರ ಅಪ್ಪಣೆ, ಸಿನ್ಯೋರಿನಾ. ನಿಮ್ಮೂರಿನ ಮಾತಿನ ಧಾಟಿ ಅವರಿಗೆ ಹಿಡಿಸಿಲ್ಲ.”

“ನಿಂಗೆ?”

ಲಿವಿಯೊ ಮತ್ತೆ ಯಂತ್ರದತ್ತ ತಿರುಗಿದ.

‘ಇವನೂ ಅವರ ಪೈಕಿಯೇ... ಚಿತ್ರೀಕರಣದಲ್ಲಿ ದನಿ ಹಿಡಿಯುತ್ತ ಕದ್ದು ಕದ್ದು ನೋಡುತ್ತಿದ್ದನಲ್ಲ, ನಾನೇನೇನೋ ಅಂದುಕೊಂಡೆನಲ್ಲ!’

“ಹೇಡಿ!” ಎಂದವಳು ಹೊರಟೇಹೋದಳು.

ಚಿತ್ರ ತ್ರಿಯೆಸ್ತೆಗೆ ಬಂದಾಗ ಚಳಿಗಾಲ. ಸಮುದ್ರದ ದಂಡೆಯಲ್ಲಿ ಬೋರಾ ಗಾಳಿ ಮನುಷ್ಯರನ್ನೇ ಎತ್ತಿ ಒಗೆಯುತ್ತಿತ್ತು.

“ಹೋಗ್ಬೇಡ ಕಣೇ, ಸುಮ್ನೆ ಹೊಟ್ಟೆ ಉರಿಸ್ಕೋತೀಯ” ಎಂದಳು ಸೋದರತ್ತೆ ನೋರ್ಮಾ.

“ಉರೀಲಿ! ಮುಖ ನನ್ನದೇ ತಾನೆ? ನೋಡೇ ನೋಡ್ತೀನಿ.”

ಮಧ್ಯಾಹ್ನದ ಆಟ. ಗೊಣಗುತ್ತಲೇ ಅತ್ತೆಯೂ ಜೊತೆಗೆ ಬಂದಳು. ಟಾಕೀಸಿನ ತುಂಬ ಖಾಲಿ ಕುರ್ಚಿ. ಪರದೆಯ ಮೇಲಿನ ಫುಲ್ವಿಯಾ ಯಾರದೋ ನುಣುಪು ದನಿಯಲ್ಲಿ ಮಾತಾಡಿದಳು.

“ದೆವ್ವಾನೋ, ರೇಡಿಯೋ ವಾರ್ತೆಯೋ!” ಹಿಂದಿನ ಸಾಲಿನವರು ನಕ್ಕರು.

ಫುಲ್ವಿಯಾ ತುಟಿ ಕಚ್ಚಿದಳು. ಏಳಲಿಲ್ಲ.

ಆಮೇಲೆ ಬಾವಿಯ ದೃಶ್ಯ ಬಂತು. ಸತ್ತು ಪ್ರೇತವಾದ ತಾಯಿ ಮಗಳನ್ನು ಕರೆಯುತ್ತಾಳೆ.

“ಬಾರೇ ಪುಟ್ಟಿ... ಇಲ್ಲಿ ತುಂಬಾ ಚಳಿ ಕಣೇ...”

ಫುಲ್ವಿಯಾ ಕುರ್ಚಿಯ ತುದಿಗೆ ಸರಿದಳು. ಅದು ಅವಳದೇ ದನಿ! ಅದೇ ತ್ರಿಯೆಸ್ತೆಯ ಧಾಟಿ, ಚಿತ್ರೀಕರಣದ ದಿನ ನಿಜವಾಗಿಯೂ ಉಕ್ಕಿದ್ದ ಬಿಕ್ಕು...

ಹಿಂದಿನ ಸಾಲು ಗಪ್‌ಚಿಪ್. ಅತ್ತೆ ಶಿಲುಬೆಯ ಗುರುತು ಹಾಕಿಕೊಂಡಳು.

ಫುಲ್ವಿಯಾ ಎದ್ದು ನಿಂತು ಸುತ್ತ ನೋಡಿದಳು. ಬಾಗಿಲ ಬಳಿ ಟೋಪಿ ಹಿಚುಕುತ್ತ ನಿಂತಿದ್ದ... ಲಿವಿಯೊ!

“ನೀನಾ? ಇಲ್ಲಿ?”

“ನೀವು ಬಂದೇ ಬರ್ತೀರಿ ಅನ್ನಿಸ್ತು. ಆ ಅಳು ಎಸೆಯೋಕೆ ಮನಸ್ಸಾಗ್ಲಿಲ್ಲ. ಹೇಳದೆ ಕೇಳದೆ ಒಳಗೆ ಸೇರಿಸ್ಬಿಟ್ಟೆ.”

“ನಿರ್ಮಾಪಕ?”

“ಕೆಲಸದಿಂದ ತೆಗೆದ. ಚಿತ್ರ ಆಗ್ಲೇ ಊರೂರಿಗೆ ಹೋಗಿತ್ತು, ಇನ್ನೇನು ಮಾಡ್ತಾನೆ?”

“ಯಾಕೆ ಸೇರಿಸ್ದೆ?”

ಅವನು ಏನೋ ಗೊಣಗಿದ.

“ಗಟ್ಟಿಯಾಗಿ! ನಕ್ಕವರಿಗೂ ಕೇಳಿಸ್ಲಿ!”

“ನಿಮ್ಮನ್ನ ಪ್ರೀತಿಸ್ತೀನಿ, ಅದಕ್ಕೆ!”

“ಏಯ್, ಕೂತ್ಕೊಳ್ರಪ್ಪಾ! ದೆವ್ವ ಕಾಣಿಸ್ತಿಲ್ಲ!” ಎಂದಿತು ಹಿಂದಿನ ಸಾಲು.

“ದೆವ್ವ ನಾನೇ, ನೋಡ್ಕೊಳ್ಳಿ!” ಎಂದಳು ಫುಲ್ವಿಯಾ. ಲಿವಿಯೊನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

“ಕೈ ಮಂಜಿನಂಗಿದೆಯಲ್ಲೋ...”

“ಭಯ.”

“ದೆವ್ವದ್ದಾ?”

“ನೀವು ಕೈ ಬಿಟ್ಬಿಡ್ತೀರೇನೋ ಅಂತ...”

“ಬಿಡಲ್ಲ ಹೋಗೋ!”