ಬಲಗಿವಿಯ ಸಾಕ್ಷಿ

ಕಿವಿಯ ಪರೀಕ್ಷೆ ಮಾಡುವವಳಿಗೆ ಸಂಜೆಯಾಗುವ ಹೊತ್ತಿಗೆ ತನ್ನ ದನಿಯೇ ತನಗೆ ಬೇಸರ ತಂದಿರುತ್ತದೆ. ಗಾಜಿನ ಆಚೆ, ಸದ್ದು ತೂರದ ಪುಟ್ಟ ಕೋಣೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದು ಕೂರುತ್ತಾರೆ. ಈಚೆ ಇವಳು ತುಟಿ ಕಾಣದಂತೆ ರಟ್ಟನ್ನು ಅಡ್ಡ ಹಿಡಿದು ಮೈಕಿನಲ್ಲಿ ‘ಬಾಗಿಲು’ ಎನ್ನುತ್ತಾಳೆ, ‘ನೆರಳು’ ಎನ್ನುತ್ತಾಳೆ. ಕೇಳಿಸಿದ್ದನ್ನು ಅವರು ಹಾಗೆಯೇ ಮರಳಿ ಹೇಳಬೇಕು. ಗುಂಡಿ ತಿರುಗಿಸಿದಂತೆಲ್ಲ ಪದ ತಗ್ಗಿ, ಉಸಿರಿನಷ್ಟಾಗಿ, ಕೊನೆಗೆ ಇಲ್ಲವಾಗುತ್ತದೆ.

ಅಂಥದೊಂದು ಬಳಲಿದ ಸಂಜೆ ಅವನು ಬಂದ. ಪರೀಕ್ಷೆಯ ಯಂತ್ರವನ್ನು ವರ್ಷಕ್ಕೊಮ್ಮೆ ಅಳೆದು ಸರಿಪಡಿಸಿ ಹೋಗುವ ತಂತ್ರಜ್ಞ. ಆಸ್ಪತ್ರೆಯವರೆಲ್ಲ ಅವನನ್ನು ಮೀಟರ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಮಿತಭಾಷಿ, ನಕ್ಕರೆ ಮಾತ್ರ ಕಣ್ಣಿನ ಕೊನೆಯಲ್ಲಿ ಒಂದು ಗೆರೆ ಮೂಡುತ್ತಿತ್ತು. ಆ ಗೆರೆಗಾಗಿ ಅವಳು ಕೆಲವು ವರ್ಷಗಳಿಂದ ಕಾದದ್ದುಂಟು. ಈ ವರ್ಷ ಕಾಯಲಿಲ್ಲ.

ಕಳೆದ ಸಲ ಕೆಲಸ ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದು ಹೋಗಿದ್ದರು. ದಾರಿಯಲ್ಲಿ ಅವಳು ತನ್ನ ಜನ್ಮದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಒಂದು ಮಾತು ಆಡಿದ್ದಳು. ಅವನು ಅದಕ್ಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ದೂರ ನೋಡಿ, ಬಸ್ ಬಂತು ಎಂದು ಹೇಳಿ ಹತ್ತಿ ಹೋಗಿಬಿಟ್ಟಿದ್ದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಯಲ್ಲಿ ಚಿಕ್ಕಮ್ಮನಿಗೆ ಅವಳ ಮುಖದಿಂದಲೇ ಎಲ್ಲ ತಿಳಿದಿತ್ತು. ಅನ್ನ ಬಡಿಸುತ್ತ, “ಊರಿನ ಕಿವಿಯೆಲ್ಲ ಪರೀಕ್ಷೆ ಮಾಡ್ತೀಯ. ಹೋಗಿ ಹೋಗಿ ಇಂಥ ಕಲ್ಲಿನ ಹತ್ತಿರ ಮಾತಾಡಿದೆಯಲ್ಲೇ” ಎಂದಿದ್ದಳು. ಅಂದಿನಿಂದ ಅವಳ ದಿನಗಳು ಸವೆದ ನಾಣ್ಯದಂತೆ ಒಂದೇ ನಮೂನೆಯಾಗಿದ್ದವು.

ಅವನು ಉಪಕರಣಗಳನ್ನು ಹರಡಿ ಅಳತೆ ಮುಗಿಸಿದ. ಕಡೆಯದಾಗಿ ಕಿವಿಯಿಂದಲೇ ಕೇಳಿ ಒಪ್ಪುವ ಪದ್ಧತಿಯೊಂದಿದೆ. ಮೀಟರು ಎಷ್ಟೇ ಸರಿಯೆಂದರೂ ಮನುಷ್ಯನ ಕಿವಿ ಹೌದೆನ್ನುವ ತನಕ ಯಂತ್ರ ತೇರ್ಗಡೆಯಾಗುವುದಿಲ್ಲ. ಅದನ್ನು ಯಾವಾಗಲೂ ಅವನೊಬ್ಬನೇ ಮಾಡಿಕೊಳ್ಳುತ್ತಿದ್ದ. ಈ ಸಲ ಮಾಸ್ಕಿಂಗ್ ಭಾಗವನ್ನು ಹೊಸದಾಗಿ ಜೋಡಿಸಿದ್ದರಿಂದ ಇನ್ನೊಬ್ಬರು ಪದ ಹೇಳಲೇಬೇಕಾಗಿತ್ತು. ಅವನು ಉಪಕರಣದ ಪೆಟ್ಟಿಗೆಯನ್ನು ಒಮ್ಮೆ ಮುಚ್ಚಿ ಮತ್ತೆ ತೆರೆದು, ಆಮೇಲೆ ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡ.

ಒಂದು ಕಿವಿ ತೀರ ಮಂದವಾಗಿದ್ದರೆ, ಅದಕ್ಕೆ ಕಳಿಸಿದ ಜೋರು ಸದ್ದು ತಲೆಯ ಮೂಳೆಯನ್ನು ಹಾದು ಒಳ್ಳೆಯ ಕಿವಿಯನ್ನು ಮುಟ್ಟುತ್ತದೆ. ಆಗ ತಂಗಿಯ ಪಾಠವನ್ನು ಅಕ್ಕ ಒಪ್ಪಿಸಿದ ಹಾಗೆ, ಅದರ ಉತ್ತರವನ್ನು ಇದು ಹೇಳಿಬಿಡುತ್ತದೆ. ಹಾಗಾಗದಿರಲೆಂದು ಒಳ್ಳೆಯ ಕಿವಿಯಲ್ಲಿ ಮೊರದಲ್ಲಿ ಕಾಳು ಕೇರಿದಂಥ ಒಂದೇ ಸಮನೆಯ ಸದ್ದು ತುಂಬಿ, ಅದನ್ನು ಬೇರೆ ಕೆಲಸಕ್ಕೆ ಹಚ್ಚುವುದೇ ಮಾಸ್ಕಿಂಗ್.

ಅವಳು ಅವನ ಬಲಗಿವಿಗೆ ಆ ಸದ್ದನ್ನು ಬಿಟ್ಟು, ಎಡಗಿವಿಗೆ ‘ಬಾಗಿಲು’ ಎಂದಳು. ಅವನು ಸುಮ್ಮನಿದ್ದ. ಗುಂಡಿ ಏರಿಸಿ ‘ನೆರಳು’ ಎಂದಳು. ಗಾಜಿನ ಆಚೆ ಅವನು ತನ್ನ ಬೂಟಿನ ತುದಿಯನ್ನೇ ನೋಡುತ್ತಿದ್ದ. ತಂತಿ ಕೆಟ್ಟಿರಬೇಕೆಂದು, ಹೆಡ್‌ಫೋನನ್ನು ತಿರುವಿ ಹಾಕಿಕೊಳ್ಳಲು ಸನ್ನೆ ಮಾಡಿದಳು. ತಂತಿಯದೇ ದೋಷವಾದರೆ ಅದು ತಂತಿಯ ಜೊತೆಗೇ ಹೋಗಬೇಕು; ಕಿವಿಯದಾದರೆ ಕಿವಿಯ ಬಳಿಯೇ ಉಳಿಯಬೇಕು. ಈಗ ಅದೇ ತಂತಿ ಬಲಗಿವಿಗೆ ಬಂದಿತ್ತು. ‘ಬಾಗಿಲು’ ಎಂದಳು.

“ಬಾಗಿಲು” ಎಂದ ಅವನು, ತಪ್ಪಿಲ್ಲದೆ, ತಲೆಯೆತ್ತದೆ.

ಅವಳ ಕೈಯ ರಟ್ಟು ಮೇಜಿಗೆ ಇಳಿಯಿತು. ಬಸ್ ನಿಲ್ದಾಣದ ದಾರಿ ಕಣ್ಣೆದುರಿಗೆ ಬಂತು. ಆ ದಿನ ತಾನು ಅವನ ಎಡ ಮಗ್ಗುಲಲ್ಲಿ ನಡೆಯುತ್ತಿದ್ದುದನ್ನು, ಅವನ ಬಲಕ್ಕೆ ರಸ್ತೆಯ ಗದ್ದಲವಿದ್ದುದನ್ನು ನೆನೆದಳು. ಒಂದು ವರ್ಷ ಹೊತ್ತು ತಿರುಗಿದ ಅವಮಾನವೆಲ್ಲ ಅವನ ಎಡಗಿವಿಯ ಹೊಸ್ತಿಲಲ್ಲೇ ಬಿದ್ದಿತ್ತು. ಒಳಗೆ ಹೋಗಿಯೇ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದಷ್ಟು ದಣಿದಿದ್ದಳು. ಎದ್ದು ಒಳಗೆ ಹೋಗಿ ಅವನೆದುರಿನ ಸ್ಟೂಲಿನ ಮೇಲೆ ಕುಳಿತಳು.

ಕೇಳುವ ಮೊದಲೇ ಅವನು ಹೆಡ್‌ಫೋನ್ ತೆಗೆದು ಹೇಳಿಕೊಂಡ. ಕಳೆದ ಸಲ ಇಲ್ಲಿಗೆ ಬರುವುದಕ್ಕೆ ಮುಂಚೆಯೇ, ಒಂದು ಜ್ವರ ಬಿಟ್ಟ ಬೆಳಿಗ್ಗೆ ಆ ಕಿವಿ ಹೋಗಿತ್ತಂತೆ. ಕೇಳಿ ಒಪ್ಪುವ ಕೆಲಸದವನಿಗೆ ಕಿವಿಯೇ ಇಲ್ಲವೆಂದರೆ ಅನ್ನಕ್ಕೆ ಕಲ್ಲು ಬಿದ್ದಂತೆ. ಅದಕ್ಕೆ ಯಾರಿಗೂ ಹೇಳದೆ, ಆದಷ್ಟು ಮಟ್ಟಿಗೆ ಎಲ್ಲರಿಗೂ ಬಲ ಮಗ್ಗುಲನ್ನೇ ಕೊಟ್ಟು ಕಾಲ ಹಾಕಿದನಂತೆ.

“ಬೇರೆ ಯಾರನ್ನಾದರೂ ಯಾಮಾರಿಸಬಹುದು ಮೇಡಂ, ನಿಮ್ಮನ್ನ ಆಗಲ್ಲ. ಅದಕ್ಕೇ ನಿಮ್ಮಿಂದ ಆದಷ್ಟು ದೂರ ಇದ್ದೆ” ಎಂದ. “ದೂರ ಇರೋದು ಸುಲಭ ಆಗಿರಲಿಲ್ಲ.”

ಆ ಕೊನೆಯ ಮಾತನ್ನು ಅವನು ನೆಲಕ್ಕೆ ಹೇಳಿದ. ಆದರೆ ಅವಳ ಕಿವಿಗಳು ಪಳಗಿದ ಕಿವಿಗಳು.

“ಇದನ್ನ ನಾನು ಮುಚ್ಚಿಡೋಕಾಗಲ್ಲ” ಎಂದಳು ಮೆಲ್ಲಗೆ.

“ಮುಚ್ಚಿಡಿ ಅಂತ ಕೇಳೋದೂ ಇಲ್ಲ. ನಾಳೆ ಆಫೀಸಿಗೆ ನಾನೇ ಹೇಳ್ತೀನಿ. ವರ್ಕ್‌ಶಾಪಲ್ಲಿ ಕೂರಿಸ್ತಾರೆ. ರಿಪೇರಿಗೆ ಕಣ್ಣು ಕೈ ಇದ್ದರೆ ಸಾಕು.” ತನ್ನ ಕೈಗಳನ್ನೇ ನೋಡಿಕೊಂಡು, “ಸುಳ್ಳು ಹೊತ್ತು ನನಗೂ ಸಾಕಾಗಿದೆ” ಎಂದ.

ಬಾಗಿಲು ತಾನಾಗಿ ಮುಚ್ಚಿಕೊಂಡಿತ್ತು. ಕಾರಿಡಾರಿನ ಗದ್ದಲ, ಕಸಗುಡಿಸುವವರ ಬಕೆಟ್ಟಿನ ಸದ್ದು, ಎಲ್ಲವೂ ಹೊರಗೆ ಉಳಿದವು. ತಲುಪದೆ ಉಳಿದ ಮಾತು ಕೋಣೆಯಲ್ಲಿ ಮೂರನೆಯವರಂತೆ ಕುಳಿತಿತ್ತು. ಮತ್ತೊಮ್ಮೆ ಆಡಿದರೆ ಈ ಸಲ ಅದು ಖಂಡಿತ ತಲುಪುತ್ತದೆ. ಬರುವ ಉತ್ತರವನ್ನು ಕಿವಿಯ ತಲೆಗೆ ಕಟ್ಟಿ ಸಮಾಧಾನ ಪಡುವಂತಿಲ್ಲ. ಅವಳಿಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು.

“ಹೋದ ವರ್ಷ ನಿಮಗೊಂದು ಮಾತು ಹೇಳಿದ್ದೆ” ಎಂದಳು. “ನೀವು ಬಸ್ ಬಂತು ಅಂದಿರಿ.”

ಅವನು ಬೆಚ್ಚಿ ಅವಳ ಮುಖ ನೋಡಿದ. ಆ ನೋಟ ಹಣೆಯಿಂದ ಇಳಿದು ತುಟಿಯ ಮೇಲೆ ನಿಂತಿತು; ಈಗ ರಟ್ಟು ಅಡ್ಡ ಇರಲಿಲ್ಲ.

“ವರ್ಷಕ್ಕೊಮ್ಮೆ ನಿಮ್ಮನ್ನ ನೋಡಿದರೆ ನನಗೆ ಸಾಲದು ಅಂದಿದ್ದೆ. ಮಿಷನ್ನಿಗೋಸ್ಕರ ಅಲ್ಲ, ನನಗೋಸ್ಕರ ಬನ್ನಿ ಅಂದಿದ್ದೆ.”

ಅವನು ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

“ನಾಳೆ ಈ ಬಲಗಿವಿಯೂ ಹೋದರೆ?”

“ಎದುರಿಗೆ ಕೂತು ನಿಧಾನವಾಗಿ ಹೇಳ್ತೀನಿ. ದಿನವಿಡೀ ಅದೇ ತಾನೇ ನನ್ನ ಕೆಲಸ.”

“ಮನೆಗೆ ಹೋದ ಮೇಲೂ ಅದೇ ಕೆಲಸ ಅಂದರೆ ಸುಸ್ತಾಗಲ್ಲವೇ?”

“ಆಗುತ್ತೆ” ಎಂದಳು. “ಆಗ ಸುಮ್ಮನೆ ಕೂರೋಣ.”

ಅವನ ಕಣ್ಣಿನ ಕೊನೆಯಲ್ಲಿ ಗೆರೆ ಮೂಡಿತು. ಅದರ ಹಿಂದೆಯೇ ನೀರೂ ಬಂತು. ಮುಂದಿನ ವರ್ಷ ಯಂತ್ರಕ್ಕೆ ಬೇರೆ ಯಾರೋ ಬರುತ್ತಾರೆಂದು, ಅದೇ ದೊಡ್ಡ ತೊಂದರೆಯೆಂಬಂತೆ ಹೇಳಿದ.

“ಅವರು ಬರಲಿ” ಎಂದಳು ಅವಳು. “ನೀವು ನಾಳೆ ಬನ್ನಿ.”

“ಬರ್ತೀನಿ” ಎಂದ. ಎದ್ದು ಹೋಗಬೇಕಾದವರು ಇಬ್ಬರೂ ಏಳಲಿಲ್ಲ. ಅವಳು ದಣಿದ ತಲೆಯನ್ನು ಹಿಂದಿನ ಗೋಡೆಗೆ ಒರಗಿಸಿ ಕಣ್ಣು ಮುಚ್ಚಿದಳು. ಸದ್ದು ತೂರದ ಆ ಕೋಣೆಯಲ್ಲಿ ಅವಳು ಯಾರಿಗೂ ಯಾವ ಪದವನ್ನೂ ಹೇಳಬೇಕಾಗಿರಲಿಲ್ಲ. ತುಸು ಹೊತ್ತಿನ ಮೇಲೆ ಅವನ ಕೈ ಬಂದು ಅವಳ ಕೈಯನ್ನು ಹಿಡಿಯಿತು.