ಸೊಕ್ ಮನೆಯ ಹೆಸರು

“ನಮ್ಮಪ್ಪನ ಹೆಸರಿಗೆ ಇವತ್ತು ಯಾಕಪ್ಪಾ ಇಷ್ಟೊಂದು ಮರ್ಯಾದೆ?”

ಅಂಗಳದಲ್ಲಿ ಸೋಯಾ ಕಾಳು ಹುದುಗಿಸುವ ಗಡಿಗೆಗಳನ್ನು ಒರೆಸುತ್ತಿದ್ದ ಇನ್‌ಯೊಂಗ್ ಯಾರ ಮುಖವನ್ನೂ ನೋಡದೆ ಕೇಳಿದಳು. ಹೆಬ್ಬಾಗಿಲಲ್ಲಿ ಅತ್ತೆಯ ಪಲ್ಲಕ್ಕಿ ಇಳಿದಿತ್ತು...

ಸೊಕ್ ವಂಶದ ಯಜಮಾನನಾದ ಅವಳಪ್ಪ ರಾಜದ್ರೋಹದ ಸುಳ್ಳು ಆರೋಪ ಹೊತ್ತು ದೂರದ ದ್ವೀಪದಲ್ಲಿ ಪ್ರಾಣ ಬಿಟ್ಟಿದ್ದ. ಮಾವನ ಮನೆಯಲ್ಲೇ ಸಂಸಾರ ಹೂಡಿದ್ದ ಅವಳ ಗಂಡ, ಅರಸನ ಮಲತಮ್ಮ, ತಾಯಿಯ ಮಾತು ಕೇಳಿ ಹೆಂಡತಿಯನ್ನೂ ಎಳೆಗೂಸನ್ನೂ ತೊರೆದು ನಡೆದಿದ್ದ. ಆ ಕೂಸೇ ದೊಹ್ವಾ. ಈಗ ಬೆಳೆದು ನಿಂತ ಅವಳನ್ನು ದೊಡ್ಡಪ್ಪನಾದ ಅರಸನಿಗೇ ರಾಣಿಯಾಗಿ ಕೊಡಬೇಕೆಂದು ಅಜ್ಜಿಯಾದ ಈ ಅತ್ತೆಯ ಹಟ! ಅರಮನೆಯಲ್ಲಿ ಇಂಥ ಒಳಮದುವೆ ವಾಡಿಕೆಯೇ; ಆದರೆ ರಾಜವಂಶದ ಹೆಣ್ಣು ರಾಜನ ಕೈಹಿಡಿಯಬೇಕಾದರೆ ತಂದೆಯ ವಂಶದ ಹೆಸರು ಬಿಟ್ಟು ತಾಯಿಯ ವಂಶದ ಹೆಸರು ಹೊರಬೇಕು. ಆ ವಂಶದ ಹಿರಿಯರೇ ‘ಇವಳು ನಮ್ಮವಳು’ ಎಂದು ಅರಮನೆಗೆ ಒಪ್ಪಿಸಬೇಕು. ಸೊಕ್ ವಂಶದಲ್ಲಿ ಉಳಿದವಳು ಇನ್‌ಯೊಂಗ್ ಒಬ್ಬಳೇ.

“ಒಂದು ಹೆಸರು ತಾನೇ ಕೇಳ್ತಿರೋದು? ನಿನ್ನ ಗಂಟೇನು ಹೋಗುತ್ತೆ?” ಅತ್ತೆ ಜಗಲಿಯ ಮೇಲೆ ಕೂತು ರೇಷ್ಮೆಯ ನಿಲುವಂಗಿಯ ಅಂಚು ಕೊಡವಿದಳು.

“ಆ ಹೆಸರು ಬಾಯಿಗೆ ಬಂದ್ರೆ ಬಾಯಿ ಮುಕ್ಕಳಿಸಿ ಅಂತ ದಾಸಿಯರಿಗೆ ಹೇಳಿದ್ರಲ್ಲ ಅತ್ತೆ! ಇವತ್ತು ಬಾಯಿ ತೊಳ್ಕೊಂಡು ಬಂದ್ರೋ, ಇಲ್ಲಿಗೆ ನೀರು ತಂದುಕೊಡ್ಲೋ?”

“ನಾಲಿಗೆ ಮಾತ್ರ ನಿಮ್ಮಪ್ಪಂದೇ!” ಅತ್ತೆಯ ಮುಖ ಕೆಂಡವಾಯಿತು. ಆದರೂ ದನಿ ಇಳಿಸಿದಳು. “ನೋಡು, ಹುಡುಗಿ ರಾಣಿಯಾದ್ರೆ ನಿಮ್ಮಪ್ಪನ ಮೇಲಿನ ಕಳಂಕ ಹೋಗುತ್ತೆ. ಅವನ ಅಸ್ಥಿ ದ್ವೀಪದಿಂದ ಬರುತ್ತೆ. ಮಗಳಾಗಿ ಅಷ್ಟೂ ಮಾಡ್ಬಾರ್ದಾ?”

ಇನ್‌ಯೊಂಗ್‌ಳ ಕೈಯ ಬಟ್ಟೆ ಜಾರಿತು. ಅಪ್ಪಾ... ಯಾವ ಉಪ್ಪುಗಾಳಿಯಲ್ಲಿ, ಯಾವ ಮಣ್ಣಿನಡಿಯಲ್ಲಿ ಮಲಗಿದ್ದೀಯೋ! ಬುದ್ಧನ ಮುಂದೆ ದಿನವೂ ಅವಳು ಬೇಡುತ್ತಿದ್ದುದು ಅದೊಂದನ್ನೇ.

ಬಾಗಿಲ ಮರೆಯಿಂದ ದೊಹ್ವಾ ಓಡಿಬಂದಳು. ರಾತ್ರಿಯೆಲ್ಲ ಅತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು. “ಅಮ್ಮಾ, ನಾನು ಹೋಗ್ತೀನಿ. ಹೂಂ ಅಂದ್ಬಿಡು. ತಾತ ಮನೆಗೆ ಬರ್ಲಿ...”

“ನೋಡು, ಮಗೂಗೆ ಇರೋ ಬುದ್ಧಿ ನಿನಗಿಲ್ಲ!” ಎಂದು ಅತ್ತೆ ಬೀಗಿದಳು.

ಇನ್‌ಯೊಂಗ್ ಮಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು.

“ಸತ್ತವರನ್ನ ಮನೆಗೆ ತರೋಕೆ ಬದುಕಿರೋಳನ್ನ ಹೂಳ್ಬೇಕಾ? ನಮ್ಮಪ್ಪ ಅಲ್ಲೇ ಮಲಗಿರ್ಲಿ. ನನ್ನನ್ನೂ ಅಲ್ಲಿಗೇ ಅಟ್ತೀರಾ? ಅಟ್ಟಿ! ಹೆಸರೂ ಕೊಡಲ್ಲ, ಮಗಳನ್ನೂ ಕೊಡಲ್ಲ!”